ಶನಿವಾರದ ಅಪ್ಪ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಮಾಂಸದಂಗಡಿಯ ಮುಂದೆ ಒಬ್ಬ ಗಿರಾಕಿಯೂ ಇಲ್ಲ ಎಂದರೆ ಒಂದೋ ಊರಿನ ದೊಡ್ಡ ಮನುಷ್ಯ ಯಾರಾದರೂ ಸತ್ತಿರಬೇಕು, ಇಲ್ಲವೇ ಅಂಗಡಿಯವನೇ ಸತ್ತಿರಬೇಕು. ಅಂಗಡಿಯವನು ಬದುಕಿದ್ದ. ಬದುಕಿದ್ದದ್ದು ಮಾತ್ರವಲ್ಲ, ಕೊರಡಿನ ಮುಂದೆ ನಿಂತು ಮಚ್ಚಿನ ಬಾಯನ್ನು ಉಗುರಿನ ಮೇಲೆ ಎಳೆದು ಹರಿತ ನೋಡುತ್ತಾ, ಬೀದಿಯ ಆಚೆ ಬದಿಯಿಂದ ಜಾರಿಕೊಳ್ಳುತ್ತಿದ್ದ ತನ್ನದೇ ಗಿರಾಕಿಗಳನ್ನು ಕಣ್ಣಲ್ಲೇ ಕೊಚ್ಚುತ್ತಿದ್ದ. ಎಲ್ಲರ ಕೈಯಲ್ಲೂ ಬಟ್ಟೆಚೀಲ. ಎಲ್ಲರ ಕತ್ತೂ ಆ ಕಡೆಗೆ ತಿರುಗಿತ್ತು, ಈ ಕಡೆ ಅಂಗಡಿಯೇ ಇಲ್ಲ ಎನ್ನುವ ಹಾಗೆ.

ಇಪ್ಪತ್ತಾರು ವರ್ಷದವನಿಗೆ ಬೀದಿಯವರು ಇಟ್ಟಿದ್ದ ಹೆಸರು ಸಿಡಿಮದ್ದು. ಮಿಕ್ಕವರು ಬೆನ್ನ ಹಿಂದೆ ಹಾಗೆ ಕರೆದರೆ ಟೈಲರಮ್ಮ ಮುಖದೆದುರೇ ಕರೆಯುತ್ತಿದ್ದಳು. ಆವತ್ತು ಆಕೆಯೂ ಚೀಲ ಹಿಡಿದು, ಒಂದು ಸ್ಟೀಲ್ ಡಬ್ಬಿ ಬೇರೆ ತೂಗಿಸಿಕೊಂಡು, ಬೀದಿಯ ಆಚೆ ಬದಿಯಲ್ಲೇ ಹೊರಟಿದ್ದಳು.

"ಅಕ್ಕಾ, ದಾರಿ ತಪ್ಪಿದ್ಯಾ? ಅಂಗಡಿ ಈ ಕಡೆ."

"ತಪ್ಪಿಲ್ಲಪ್ಪಾ. ಬಸ್ಸಿಗೆ ಹೊತ್ತಾಯ್ತು."

"ಮಗಳ ಮನೆಗಾ?"

"ಫಾರ್ಮಿಗೆ. ಹದಿನೈದು ದಿನದ ಹಿಂದೇನೇ ಹೇಳಿಟ್ಟಿದ್ದೆ. ಇವತ್ತು ನನ್ನ ಸರದಿ."

"ಹದಿನೈದು ದಿನ! ಇಲ್ಲಿ ಹದಿನೈದು ನಿಮಿಷ ತಡ ಆದ್ರೆ ನನ್ನ ತಲೆ ತಿಂತಿದ್ದೋಳು ನೀನು."

"ಅಲ್ಲಿ ಕಾಯೋಕೆ ಬೇಜಾರಾಗಲ್ಲ ಕಣೋ. ಕೋಳಿಗಳು ಹುಲ್ಲಲ್ಲಿ ಓಡಾಡೋದು ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ."

"ನನ್ನ ಕೋಳಿಗೇನು ಕಾಲಿಲ್ವಾ?"

ಟೈಲರಮ್ಮ ಅಂಗಡಿಯೊಳಗೆ ಒಂದರ ಮೇಲೊಂದು ಪೇರಿಸಿದ್ದ ಕಬ್ಬಿಣದ ಗೂಡುಗಳ ಕಡೆ ನೋಡಿದಳು. "ಕಾಲಿದೆ. ಊರೋಕೆ ಜಾಗ ಇಲ್ಲ."

ಅವನ ಮೂಗಿನ ಹೊಳ್ಳೆ ಅರಳಿತು. ಮೂರು ತಿಂಗಳಿಂದ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂತು. ಯಾರೋ ಹಳ್ಳಿಯ ಕಡೆಯ ಒಂದು ಕುಟುಂಬವಂತೆ, ನಲವತ್ತು ಕುರಿ, ನಾನೂರು ಕೋಳಿಯಂತೆ, ಔಷಧಿ ಚುಚ್ಚುವುದಿಲ್ಲವಂತೆ, ಬಂದವರನ್ನು ಕೊಟ್ಟಿಗೆಯೊಳಕ್ಕೇ ಕರೆದುಕೊಂಡು ಹೋಗಿ ತೋರಿಸುತ್ತಾರಂತೆ. ಅಂತೆ, ಅಂತೆ, ಅಂತೆ! ತಿನ್ನುವುದು ಅದನ್ನೇ ತಾನೇ, ಅದರ ಜಾತಕ ಕಟ್ಟಿಕೊಂಡು ಏನಾಗಬೇಕು? "ಅದೇನು ಅವರ ಕುರಿಗೆ ಎರಡು ತಲೆ ಇದ್ಯಾ? ಇಲ್ಲ, ನನ್ನ ಕೈಗಿಂತ ಚೆನ್ನಾಗಿ ಕೊಯ್ಯೋ ಕೈ ಯಾವುದಾದ್ರೂ ಇದ್ಯಾ ಅಲ್ಲಿ?"

"ಇದೆಯಲ್ಲೋ, ನಿಮ್ಮಪ್ಪಂದು," ಎಂದುಬಿಟ್ಟಳು ಟೈಲರಮ್ಮ. ಎಂದ ಮೇಲೆ ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. "ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು," ಎಂದ ಅವನು. ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇಷ್ಟೇ: ಅಪ್ಪ ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮೊಣಕಾಲು ತೋರಿಸಲು ಹೋಗುತ್ತಾನೆ. ಸಂಜೆ ಬರುವಾಗ ಕುಂಟುವುದಿಲ್ಲ. ಬಂದವನು ಯಾವುದೋ ಹಳೇ ಹಾಡಿನ ಸಾಲು ಗುನುಗುತ್ತಾ ತಟ್ಟೆ ತೊಳೆಯುತ್ತಾನೆ. ಒಳ್ಳೆಯ ಡಾಕ್ಟರೇ ಸಿಕ್ಕಿದ್ದಾನೆ ಎಂದುಕೊಂಡು ಮಗ ಮನಸ್ಸಿನಲ್ಲೇ ಆ ಡಾಕ್ಟರಿಗೆ ಕೈ ಮುಗಿದಿದ್ದ. ಅಮ್ಮ ಹೋದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಅವರಿಬ್ಬರೇ. ಅಪ್ಪ ಗುನುಗುವುದನ್ನು ಅವನು ಹನ್ನೆರಡು ವರ್ಷದಿಂದ ಕೇಳಿರಲಿಲ್ಲ.

ಅಪ್ಪ ಅಂಗಡಿ ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟದ್ದೋ ಬಿಡಿಸಿದ್ದೋ ಎಂದು ಯಾರಾದರೂ ಕೇಳಿದ್ದರೆ ಅವನು ಮಚ್ಚು ಎತ್ತುತ್ತಿದ್ದ. ಒಂದು ಭಾನುವಾರ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಅಪ್ಪ ಒಂದು ತೊಡೆಯ ಮುಂದೆ ನಿಂತು, ಕೀಲು ಎಲ್ಲಿದೆ ಎಂದು ಹೆಬ್ಬೆರಳಲ್ಲಿ ಹುಡುಕುತ್ತಾ, ಪೂಜೆಗೆ ಕೂತವನ ಹಾಗೆ ನಿಧಾನ ಮಾಡುತ್ತಿದ್ದ. ಹಿಂದಿನವರು ಗೊಣಗಿದರು. ಮಗ ಎಲ್ಲರೆದುರು ಅಪ್ಪನ ಕೈಯಿಂದ ಚೂರಿ ತೆಗೆದುಕೊಂಡು, "ನೀನು ಕೂತ್ಕೋ ಅಪ್ಪ, ನಾನು ನೋಡ್ಕೋತೀನಿ," ಎಂದು ತೊಡೆಯನ್ನು ಗರಗಸದ ಮೆಷಿನ್ನಿಗೆ ಕೊಟ್ಟಿದ್ದ. ಅದರಲ್ಲಿ ತಪ್ಪೇನಿತ್ತು? ವಯಸ್ಸಾದವನನ್ನು ಕೂರಿಸಿದ್ದು ತಪ್ಪೇ? ಅಪ್ಪ ಕೂತ. ಮಾರನೆಯ ದಿನದಿಂದ ಮನೆಯಲ್ಲೇ ಕೂತ.

ಈಗ ನೋಡಿದರೆ ಕೂತಿಲ್ಲ. ಬೇರೆಯವರ ಕೊಟ್ಟಿಗೆಯಲ್ಲಿ ಎದ್ದು ನಿಂತಿದ್ದಾನೆ.

ಅಂದು ಸಂಜೆ ಅನ್ನ ಬಡಿಸಿಕೊಳ್ಳುವಾಗ ಅವನು ಕೇಳಿದ, "ಮೊಣಕಾಲು ಹೇಗಿದೆ?"

"ಪರವಾಗಿಲ್ಲ," ಎಂದ ಅಪ್ಪ, ಮಗನ ಕಣ್ಣಲ್ಲಿ ಕಣ್ಣಿಟ್ಟು. "ಒಳ್ಳೇ ಕೈಗುಣ ಆ ಮನುಷ್ಯಂದು."

ಅಬ್ಬಾ, ಏನು ನಿರಾಳವಾಗಿ ಸುಳ್ಳು ಹೇಳಿದ! ಬೆಣ್ಣೆಯಿಂದ ಕೂದಲು ಎಳೆದ ಹಾಗೆ. ಅವನಿಗೆ ಸಿಟ್ಟಿಗಿಂತ ಮೊದಲು ಹೊಟ್ಟೆಯುರಿ ಬಂತು, ಏಕೆಂದರೆ ಅಪ್ಪ ಅವನೊಂದಿಗೆ ಅಷ್ಟು ಹಗುರವಾಗಿ ನಿಜವನ್ನೂ ಯಾವತ್ತೂ ಹೇಳಿರಲಿಲ್ಲ. ಎಂಟನೇ ಕ್ಲಾಸು ಬಿಟ್ಟು ಕೊರಡಿನ ಮುಂದೆ ನಿಂತ ದಿನ ಅಪ್ಪ ಹೇಳಿದ್ದು ಎರಡೇ ಮಾತು: ನೋಡು, ಕಲಿ. ನೋಡಿದ. ಬೆರಳು ಕೊಯ್ದುಕೊಂಡ. ಮತ್ತೆ ನೋಡಿದ. ಕಲಿತ ದಿನವೂ ಅಪ್ಪ "ಹ್ಞೂಂ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದ್ದ. ಆ "ಹ್ಞೂಂ" ಒಂದನ್ನೇ ಇಷ್ಟು ವರ್ಷ ನೆಕ್ಕುತ್ತಾ ಬದುಕಿದವನು ಇವನು.

ಮುಂದಿನ ಶನಿವಾರ ಅಂಗಡಿಯ ಶಟರು ಮೇಲೇಳಲಿಲ್ಲ.

ಎಂಟೂಕಾಲರ ಬಸ್ಸಿನಲ್ಲಿ ಅವನು ಹತ್ತಿದಾಗ ಒಳಗೆ ಅವನದೇ ಗಿರಾಕಿಗಳ ಜಾತ್ರೆ. ರಿಟೈರಾದ ಪೋಸ್ಟ್‌ಮ್ಯಾನು ಕಿಟಕಿಯ ಹೊರಗೆ ಇಲ್ಲದ ಹಕ್ಕಿಯನ್ನು ನೋಡತೊಡಗಿದ. ಕ್ಷೌರದಂಗಡಿಯವನು ಚೀಲವನ್ನು ಕಾಲಡಿಗೆ ತಳ್ಳಿದ. ಮೊಟ್ಟೆಗೆಂದು ಹೊರಟಿದ್ದ ಟೈಲರಮ್ಮ ಮಾತ್ರ ಸೀಟಿನಲ್ಲಿ ಸರಿದು ಜಾಗ ಮಾಡಿಕೊಟ್ಟು, "ಚೀಲ ತಂದಿಲ್ವಾ?" ಎಂದಳು.

"ನಾನು ತಗೊಳ್ಳೋಕೆ ಬರ್ತಿಲ್ಲ. ನಿಮ್ಮ ಕಣ್ಣು ತೆರೆಸೋಕೆ ಬರ್ತಿದ್ದೀನಿ."

"ತೆರೆಸಪ್ಪಾ. ಕನ್ನಡಕ ಬದಲಾಯಿಸಿ ಬಹಳ ದಿನ ಆಯ್ತು."

ಫಾರ್ಮು ಎಂದರೆ ಅವನ ಮನಸ್ಸಿನಲ್ಲಿ ಏನೋ ಅರಮನೆಯಂಥದ್ದು ಇತ್ತು. ಇಳಿದು ನೋಡಿದರೆ ತಂತಿಬೇಲಿ, ತಗಡಿನ ಎರಡು ಷೆಡ್ಡು, ಚಕ್ರ ಹಾಕಿದ ಮರದ ಕೋಳಿಮನೆಗಳು. ಕೋಳಿಗಳು ಒಂದು ಕಡೆಯ ಹುಲ್ಲು ಕೆದಕಿ ಮುಗಿಸಿದರೆ ಆ ಮನೆಗಳನ್ನು ಇನ್ನೊಂದು ಕಡೆಗೆ ಎಳೆಯುತ್ತಾರಂತೆ. ಗೇಟಿನಲ್ಲಿ ಚಪ್ಪಲಿ ಅದ್ದಿ ಬರಲು ಔಷಧಿ ನೀರಿನ ತಗ್ಗು ತೊಟ್ಟಿ. ಒಳಗೆ ಮುದುಕಿಯೊಬ್ಬಳು ಒಂದೊಂದು ಮೊಟ್ಟೆಯನ್ನೂ ಬಲ್ಬಿನ ಮುಂದೆ ಹಿಡಿದು ತಿರುಗಿಸಿ ನೋಡಿ ಇಡುತ್ತಿದ್ದಳು. ಅವಳ ಸೊಸೆ, ಈ ಫಾರ್ಮಿನ ಯಜಮಾನಿ, ಬಂದವರನ್ನು ಎದುರುಗೊಂಡು ಯಾರಿಗೆ ಯಾವ ಮಂದೆಯದು ಎಂದು ಹೇಳುತ್ತಿದ್ದಳು. ಎಲ್ಲ ಸಾದಾ. ಎಲ್ಲ ಚೊಕ್ಕ. ಒಂದು ನೊಣ ಕೂಡ ಸಿಗಲಿಲ್ಲ ಅವನಿಗೆ ಬೆರಳು ತೋರಿಸಲು.

ಆಗ ಕಂಡದ್ದು ಟ್ರೇಗಳು. ಮೊಟ್ಟೆಕೋಣೆಯ ಗೋಡೆಗೆ ಆನಿಸಿ ಆಳೆತ್ತರ ಪೇರಿಸಿದ್ದ ರಟ್ಟಿನ ಟ್ರೇಗಳು, ಪ್ರತಿಯೊಂದರ ಅಂಚಿನಲ್ಲೂ ಪೇಟೆಯ ಮೊಟ್ಟೆ ಡಿಪೋದ ಮುದ್ರೆ. ಸಿಕ್ಕಿಬಿದ್ದರಲ್ಲ ಕಳ್ಳರು!

"ನೋಡ್ರೋ!" ಎಂದು ಅವನು ಕೂಗಿದ ಕೂಗಿಗೆ ಹತ್ತಿರದ ಕೋಳಿಗಳೆಲ್ಲ ಒಂದೇ ಸಲ ತಲೆಯೆತ್ತಿದವು. "ನೋಡಿ ಸ್ವಾಮಿ, ಕಣ್ಣಗಲಿಸಿ ನೋಡಿ! ಡಿಪೋ ಮಾಲು! ರಾತ್ರೋರಾತ್ರಿ ತರಿಸ್ಕೊಂಡು, ಮೇಲೊಂದು ಹುಲ್ಲುಕಡ್ಡಿ ಅಂಟಿಸಿ, ನಮ್ಮನೆ ಕೋಳಿದು ಅಂತ ಕೊಡ್ತಾರೆ. ನಾನೂ ಅದನ್ನೇ ಮಾರೋದು. ನಾನಾದ್ರೆ ಕೆಟ್ಟವನು, ಇವರಾದ್ರೆ ದೇವರಾ?"

ಯಜಮಾನಿ ನಿಧಾನವಾಗಿ ಬಂದು ಮೇಲಿನ ಟ್ರೇ ಒಂದನ್ನು ತೆಗೆದು, ತಿರುವಿ, ಅವನ ಮುಂದೆ ಹಿಡಿದಳು. ತಳದಲ್ಲಿ ನೀಲಿ ಪೆನ್ಸಿಲ್ಲಿನ ಒಂದು ಗುಣಿಸು ಗುರುತು. ಡಿಪೋದಿಂದ ಬಂದ ಟ್ರೇಗಳಿಗೆಲ್ಲ ಅವನೇ ಹಾಕುತ್ತಿದ್ದ ಗುರುತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ.

"ಖಾಲಿ ಟ್ರೇ ಇದ್ರೆ ತನ್ನಿ ಅಂತ ಗಿರಾಕಿಗಳಿಗೆ ಹೇಳಿದ್ವಿ," ಎಂದಳು ಯಜಮಾನಿ. "ಇವು ಯಾವುದೋ ಒಂದೇ ಅಂಗಡಿಯವು ಅನ್ಸುತ್ತೆ. ನಿಮಗೆ ಗೊತ್ತಾ?"

ಟ್ರೇ ವಾಪಸ್ ತಂದುಕೊಡಿ ಎಂದು ಮೂರು ವರ್ಷ ಗಂಟಲು ಹರಿದುಕೊಂಡಿದ್ದ. ಒಬ್ಬರಾದರೂ ತಂದಿರಲಿಲ್ಲ. ಎಲ್ಲ ಇಲ್ಲಿಗೆ ಹೊತ್ತು ತಂದಿದ್ದಾರೆ, ಮಡಿಲು ತುಂಬುವವರ ಹಾಗೆ! ಮೊದಲು ಪೋಸ್ಟ್‌ಮ್ಯಾನು ಕೆಮ್ಮಿದ. ಆ ಕೆಮ್ಮು ನಗುವಾಯಿತು. ಆಮೇಲೆ ಎಲ್ಲರೂ ನಕ್ಕರು. ಮುದುಕಿ ಕೂಡ ಬಲ್ಬಿನ ಬೆಳಕಿನಲ್ಲಿ ಬೊಚ್ಚುಬಾಯಿ ತೆರೆದು ನಕ್ಕಳು.

"ಅಪ್ಪ ಎಲ್ಲಿ?" ಎಂದ ಅವನು.

ಯಜಮಾನಿ ನಗು ನಿಲ್ಲಿಸಿದಳು. "ಓ, ನೀವಾ! ಹಿಂದಿನ ಷೆಡ್ಡಲ್ಲಿದ್ದಾರೆ. ಈಗ ಹೋಗಬೇಡಿ, ಕುರಿ ಹಿಡಿದಿದ್ದಾರೆ. ಅದಾದ ಮೇಲೆ..."

ಅದಾದ ಮೇಲೆ ಎನ್ನುವ ಮಾತು ಅವನ ಕಿವಿಗೆ ಬೀಳುವಷ್ಟರಲ್ಲಿ ಅವನು ಷೆಡ್ಡಿನ ಬಾಗಿಲಲ್ಲಿದ್ದ.

ಒಳಗೆ ಅಷ್ಟು ನಿಶ್ಶಬ್ದವಾಗಿ ಯಾರಾದರೂ ಕೊಯ್ಯುವ ಕೆಲಸಕ್ಕೆ ನಿಲ್ಲುತ್ತಾರೆಂದು ಅವನು ನಂಬುತ್ತಿರಲಿಲ್ಲ. ಒಂದೇ ಕುರಿ. ಮಿಕ್ಕವು ಎಲ್ಲೋ ದೂರದ ಹುಲ್ಲಿನಲ್ಲಿ, ಕಣ್ಣಿಗೆ ಬೀಳದಷ್ಟು ದೂರದಲ್ಲಿ. ಕುರಿಯ ಪಕ್ಕದಲ್ಲಿ ಮಂಡಿಯೂರಿದ್ದವನು ಯಜಮಾನಿಯ ಮೈದುನ. ಇವನ ವಯಸ್ಸಿನವನೇ, ಮಾತಾಡಿದರೆ ಪಕ್ಕದವನಿಗೆ ಕೇಳದ, ನಡೆದರೆ ಹುಲ್ಲಿಗೆ ಗೊತ್ತಾಗದ ಆಳು. ಗಿರಾಕಿಗಳು ಅವನಿಗೆ ಮೆತ್ತಗ ಎಂದು ಹೆಸರಿಟ್ಟಿದ್ದರು. ಮೆತ್ತಗನ ಬಲಗೈಯಲ್ಲಿ ಚೂರಿ, ಇನ್ನೂ ಕೆಳಗೇ ಇತ್ತು. ಅವನ ಹಿಂದೆ, ಅವನ ಭುಜಕ್ಕೆ ಎದೆ ತಾಗುವಷ್ಟು ಬಗ್ಗಿ, ಅಪ್ಪ. ಅಪ್ಪನ ಕೈ ಮೆತ್ತಗನ ಮಣಿಕಟ್ಟಿನ ಮೇಲಿತ್ತು.

"ಇಷ್ಟೇ ಬಾಗು," ಎನ್ನುತ್ತಿದ್ದ ಅಪ್ಪ. "ಅವಸರ ಇಲ್ಲ ಮಗಾ. ಹ್ಞಾಂ, ಹಾಗೆ. ನಿನ್ನ ಕೈ ಬಹಳ ಚೆನ್ನಾಗಿ ಬರ್ತಿದೆ."

ಮಗಾ. ಬಹಳ ಚೆನ್ನಾಗಿ.

ಹದಿನಾಲ್ಕು ವರ್ಷದವನಾಗಿದ್ದಾಗ ಅವನು ಕೊಯ್ದುಕೊಂಡ ಬೆರಳುಗಳೆಲ್ಲ ಒಂದೇ ಸಲ ಉರಿದವು. "ಅಪ್ಪಾ!" ಎಂದು ಅರಚಿ ಅವನು ಒಳಗೆ ನುಗ್ಗಿದ್ದೇ ತಡ, ಕುರಿ ಮೆತ್ತಗನ ಹಿಡಿತದಿಂದ ಚಿಮ್ಮಿತು. ಬಕೆಟ್ಟು ಉರುಳಿತು. ಗೋಡೆಗೆ ಹಣೆ ಬಡಿದುಕೊಂಡು ಮೂಲೆ ಸೇರಿದ ಕುರಿ ಕಣ್ಣಿನ ಬಿಳಿ ತೋರಿಸುತ್ತಾ ಏದುಸಿರು ಬಿಟ್ಟಿತು.

ಮೆತ್ತಗ ಮೊದಲು ಮಾಡಿದ ಕೆಲಸ ಚೂರಿಯನ್ನು ಮೇಲಿನ ಹಲಗೆಯ ಮೇಲೆ ಇಟ್ಟದ್ದು. ಅಪ್ಪ ಕುರಿಯ ಹತ್ತಿರ ಕುಕ್ಕರಗಾಲಲ್ಲಿ ಸರಿದು, ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂತ. ಬಹಳ ಹೊತ್ತು ಕೂತ.

"ಇವತ್ತು ಇದಕ್ಕಾಗಲ್ಲ," ಎಂದ ಕೊನೆಗೆ.

"ಏನಾಗಲ್ಲ?"

"ಹೆದರಿದ್ದನ್ನ ಇಲ್ಲಿ ಕೊಯ್ಯಲ್ಲ. ಸಮಾಧಾನ ಆಗ್ಬೇಕು, ಆಮೇಲೆ ಒಂದು ಹೊತ್ತು ಮೇಯ್ಬೇಕು. ನಾಳೆ ಬೆಳಿಗ್ಗೆ ನೋಡೋದು." ಅಪ್ಪ ಮೆತ್ತಗನ ಕಡೆ ತಿರುಗಿದ. "ಹೊರಗೆ ಹೇಳಿಬಿಡು, ಕುರಿ ಇಲ್ಲ ಅಂತ. ಮೊಟ್ಟೆ, ಕೋಳಿ ಎಷ್ಟಿದ್ಯೋ ಅಷ್ಟು."

ಮೆತ್ತಗ ಸದ್ದಿಲ್ಲದೆ ಎದ್ದು ಹೋದ. ಹೋಗುವಾಗ ಇವನ ಮುಖ ನೋಡಿ, ಬೈಯುವುದಿರಲಿ, ಸ್ವಲ್ಪ ನಕ್ಕ. ಬೈದಿದ್ದರೆ ಹೊಡೆದಾಡಬಹುದಿತ್ತು.

"ಒಂದು ಕುರಿ ಬೆದರಿತು ಅಂತ ಅಷ್ಟು ಜನರನ್ನ ಬರಿಗೈಲಿ ಕಳಿಸ್ತೀಯಾ?" ಎಂದ ಅವನು. "ನಮ್ಮ ಅಂಗಡೀಲಿ ಬೆದರದೆ ಇರೋದು ಯಾವುದಿತ್ತು? ನೀನೇ ಮೂವತ್ತು ವರ್ಷ ಕೊಯ್ದಿಲ್ವಾ?"

"ಕೊಯ್ದಿದ್ದೀನಿ."

"ಮತ್ತೆ?"

"ಮತ್ತೆ ಏನು. ಕೊಯ್ದಿದ್ದೀನಿ." ಅಪ್ಪನ ಅಂಗೈ ಇನ್ನೂ ಪಕ್ಕೆಯ ಮೇಲೇ ಇತ್ತು.

"ಅವನಿಗೆ ಕೈ ಹಿಡಿದು ಹೇಳಿಕೊಡ್ತೀಯಾ. ನನಗೆ ಒಂದು ದಿನ, ಒಂದೇ ಒಂದು ದಿನ ಹಿಡಿದಿದ್ಯಾ? ನೋಡು, ಕಲಿ ಅಂದೆ. ನಾಯಿಗೆ ಹೇಳಿದ ಹಾಗೆ. ಅವನಿಗೆ ಮಗಾ ಅಂತೆ. ಮಗಾ! ನಾನು ಏನಾಗಬೇಕು ನಿನಗೆ?"

ಅಪ್ಪ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ಏನೋ ಸಿಕ್ಕಿಬಿದ್ದವನ ಹಾಗಿತ್ತು. "ನಿನಗೆ ಹೇಳಿಕೊಡೋಕೆ ನನಗೇ ಗೊತ್ತಿರ್ಲಿಲ್ಲ ಕಣೋ. ನಮ್ಮಪ್ಪ ನನಗೆ ಅಷ್ಟೇ ಹೇಳಿದ್ದು. ಅಂಗಡಿ ಮುಂದೆ ಜನ, ಹಿಂದೆ ಗೂಡು, ನಡುವೆ ನಾವು. ಯಾವಾಗ ನಿಂತು ಹೇಳೋದು? ಚೂರಿ ಹಿಡಿಯೋದು ನಾನು ಈ ಹುಡುಗನಿಗೆ ತೋರಿಸ್ತಿದ್ದೀನಿ. ಹೀಗೆ ಕೈ ಇಟ್ಟು ಕಾಯೋದು," ಅವನು ಪಕ್ಕೆಯ ಮೇಲಿನ ಅಂಗೈಯನ್ನು ಗಲ್ಲದಿಂದ ತೋರಿಸಿದ, "ಇದು ಇವನು ನನಗೆ ಹೇಳಿಕೊಟ್ಟಿದ್ದು."

ಇದನ್ನು ಕೇಳಬಾರದಿತ್ತು. ಪುಕ್ಕ ತೆಗೆಯುವ ಮೆಷಿನ್ನು ತಂದ ದಿನ, "ಇಲ್ಲಿ ಒತ್ತು ಅಪ್ಪ, ಅಷ್ಟೇ," ಎಂದು ಅವನು ಹತ್ತು ಸಲ ತೋರಿಸಿದ್ದ. ಅಪ್ಪ ಕೈ ಕಟ್ಟಿಕೊಂಡು, "ನನಗೆ ಈ ವಯಸ್ಸಲ್ಲಿ ಕಲಿಯೋಕಾಗಲ್ಲ," ಎಂದಿದ್ದ. ಆಗುತ್ತದೆ. ಮೆತ್ತಗ ಹೇಳಿಕೊಟ್ಟರೆ ಆಗುತ್ತದೆ! ಕೊಟ್ಟದ್ದೂ ಅವನಿಗೆ, ತೆಗೆದುಕೊಂಡದ್ದೂ ಅವನಿಂದ. ಮಗನ ಹತ್ತಿರ ಕೊಡು ಕೊಳ್ಳು ಎರಡಕ್ಕೂ ಬಾಗಿಲು ಹಾಕಿದ್ದವನು ಇಲ್ಲಿ ಬಂದು ಎರಡೂ ಬಾಗಿಲು ತೆರೆದಿಟ್ಟು ಕೂತಿದ್ದಾನೆ.

"ಬಾ ಮನೆಗೆ," ಎಂದ. ಅವನ ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. "ಅಂಗಡಿಗೆ ಬಾ. ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ಮಾಡು. ಯಾರು ಗೊಣಗ್ತಾರೋ ನಾನು ನೋಡ್ಕೋತೀನಿ."

"ನೋಡ್ಕೋತೀಯಾ. ಅದಕ್ಕೇ ಬರಲ್ಲ." ಅಪ್ಪ ಹೀಗೆಂದಾಗ ತುಟಿಯ ತುದಿಯಲ್ಲಿ ಸಣ್ಣ ನಗು ಇತ್ತು. "ಇವತ್ತು ನಾನು ಇಲ್ಲೇ ಉಳ್ಕೋತೀನಿ. ಬೆಳಿಗ್ಗೆ ಇದರ ಕೆಲಸ ಮುಗಿಸಿ ಬರ್ತೀನಿ. ಅನ್ನದ ಪಾತ್ರೆ ಮೇಲೆ ತಟ್ಟೆ ಮುಚ್ಚಿಡು, ಇರುವೆ ಬರುತ್ತೆ." ಮತ್ತೆ ಹೇಳಿದ, "ಇನ್ನೊಂದು. ನಿನ್ನ ಅಂಗಿ ಕಣೋ. ಕೂಗಿದ್ದಕ್ಕಿಂತ ಹೆಚ್ಚು ಅದರ ವಾಸನೆಗೇ ಅದು ಬೆದರಿದ್ದು. ನಮಗೆ ಗೊತ್ತಾಗಲ್ಲ. ಅವಕ್ಕೆ ಗೊತ್ತಾಗುತ್ತೆ."

ವಾಪಸ್ ಬಸ್ಸಿನಲ್ಲಿ ಯಾರೂ ಹಕ್ಕಿ ನೋಡಲಿಲ್ಲ. ಎಲ್ಲರೂ ನೇರವಾಗಿ ಅವನನ್ನೇ ನೋಡಿದರು. ಅವನು ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತು, ಅಂಗಿಯ ತೋಳನ್ನು ಯಾರಿಗೂ ಕಾಣದಂತೆ ಮೂಗಿಗೆ ತಂದುಕೊಂಡ. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಹತ್ತಲಿಲ್ಲ.

"ಮನೆಗೆ ನೆಂಟರು ಬರ್ತಾರಪ್ಪಾ," ಎಂದ ಪೋಸ್ಟ್‌ಮ್ಯಾನು, ಬಸ್ಸು ಊರು ಸೇರುವ ಹೊತ್ತಿಗೆ. "ಕುರಿ ಮಾಂಸ ಅಂತ ಹೇಳಿಬಿಟ್ಟಿದ್ದೀನಿ. ಅಂಗಡಿ ತೆಗೀತೀಯೋ ಹೇಗೆ?"

"ನನಗೂ ಒಂದು ಕಿಲೋ," ಎಂದ ಕ್ಷೌರದಂಗಡಿಯವನು. "ಬೆಳಿಗ್ಗೆಯಿಂದ ಕಾದಿದ್ದೂ ಕಾದಿದ್ದೇ, ಒಬ್ಬ ಮಹಾನುಭಾವ ಬಂದು ಓಡಿಸಿಬಿಟ್ಟ."

ಹೀಗೆ ಮೂರು ತಿಂಗಳಿಂದ ಅವನು ಕನಸು ಕಂಡಿದ್ದ ಸಾಲು ಅಂದು ಮಧ್ಯಾಹ್ನ ಅವನ ಅಂಗಡಿಯ ಮುಂದೆ ತಾನಾಗಿ ಬಂದು ನಿಂತಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಅವನು ಶಟರು ಎತ್ತಿದ, ಏಪ್ರನ್ನು ಕಟ್ಟಿಕೊಂಡ, ಮೆಷಿನ್ನಿನ ಸ್ವಿಚ್ಚು ಹಾಕಿದ. ಅವನಷ್ಟು ಚುರುಕಾಗಿ ಕಡಿಯುವವನು ಆ ಸುತ್ತಿನಲ್ಲಿ ಇರಲಿಲ್ಲ. ತುಂಡುಗಳು ಅಳತೆ ಹಿಡಿದ ಹಾಗೆ ಬೀಳುತ್ತಿದ್ದವು. ಆದರೆ ಆ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಒಬ್ಬ ಫೋನು ನೋಡುತ್ತಿದ್ದ, ಒಬ್ಬ ಗಡಿಯಾರ ನೋಡುತ್ತಿದ್ದ. "ಬೇಗ ಆಗ್ಲಪ್ಪಾ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಅವನಿಗೆ ಇದ್ದಕ್ಕಿದ್ದಂತೆ ಈ ಸಾಲನ್ನು ಪೊರಕೆ ತೆಗೆದುಕೊಂಡು ಗುಡಿಸಿಹಾಕಬೇಕೆನಿಸಿತು. ಇವರು ಅವನಿಗೆ ಬೇಕಾದವರೇ ಅಲ್ಲ. ಇಷ್ಟು ದಿನ ಇವರ ಮೇಲೆ ಉರಿದುಕೊಂಡದ್ದೆಲ್ಲ ದಂಡ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಕೈ, ಅದು ಈಗ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೊನೆಯಲ್ಲಿ ಉಳಿದವಳು ಟೈಲರಮ್ಮ. ಅವಳ ಚೀಲದಲ್ಲಿ ಫಾರ್ಮಿನ ಮೊಟ್ಟೆ ಆಗಲೇ ಇತ್ತು.

"ನಿನಗೆಷ್ಟು?"

"ನನಗೇನೂ ಬೇಡ. ಮುಂದಿನ ವಾರ ನನ್ನ ಸರದಿ, ಅಲ್ಲೇ ತಗೋತೀನಿ. ನೀನು ಹೇಗಿದ್ದೀಯ ಅಂತ ನೋಡೋಕೆ ನಿಂತೆ."

ಅವನು ಮಚ್ಚನ್ನು ಕೊರಡಿಗೆ ಕಚ್ಚಿಸಿದ. ಮೆಷಿನ್ನು ಆರಿಸಿದ. "ಅಕ್ಕಾ, ಒಂದು ಅಂಗಿ ಹೊಲಿದುಕೊಡು. ಹೊಸ ಬಟ್ಟೇದು. ಶುಕ್ರವಾರದೊಳಗೆ."

"ಏನು, ಹೆಣ್ಣು ನೋಡೋಕಾ?"

"ಹೊಲಿದು ನಿನ್ನ ಹತ್ರಾನೇ ಇಟ್ಕೋ. ನನ್ನ ಮನೆಗೆ ತರ್ಬೇಡ, ಅಂಗಡಿಗಂತೂ ತರ್ಲೇಬೇಡ. ಶನಿವಾರ ಮೊದಲ ಬಸ್ಸಿಗೆ ಮುಂಚೆ ಸ್ನಾನ ಮಾಡಿ ಬಂದು ನಿನ್ನ ಮನೇಲೇ ಹಾಕ್ಕೊಂಡು ಹೋಗ್ತೀನಿ."

ಟೈಲರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಮಾಷೆ ಮಾಡಲು ತೆರೆದ ಬಾಯನ್ನು ಮುಚ್ಚಿದಳು. "ಅದೆಲ್ಲ ಒಂದು ವಾರಕ್ಕೆ ಬರೋದಲ್ಲ ಕಣೋ. ಆ ಮೆತ್ತಗ ಹುಟ್ಟಿದಾಗಿಂದ ಕುರಿ ಕೋಳಿಗಳ ಜೊತೆ ಇರೋನು."

"ಇರಲಿ. ಅವನಿಗಿಂತ ಮೆತ್ತಗಾಗ್ತೀನಿ," ಎಂದ ಸಿಡಿಮದ್ದು, ಹಲ್ಲು ಕಚ್ಚಿಕೊಂಡು. "ಉಸಿರು ಬಿಟ್ಟಿದ್ದೂ ಕೇಳಬಾರದು, ಅಷ್ಟು ಮೆತ್ತಗಾಗ್ತೀನಿ. ನೋಡ್ತಿರು."

"ಆಯ್ತಪ್ಪಾ, ಕೂಗಬೇಡ," ಎಂದಳು ಟೈಲರಮ್ಮ. "ಕೈ ತೊಳ್ಕೊಂಡು ಅಳತೆ ಕೊಡೋಕೆ ಬಾ."